ತಾಯಿಸಸಿ

ಅಲ್ಲೇ ನಿಂತ್ಕೋ! ನೆರಳುಬಲೆ ಒಳಗೆ ಕಾಲಿಟ್ಟೀಯಾ, ಹುಷಾರ್... ಎಳೆ ಸಸಿ ಇದಾವೆ. ಏನಂದೆ? ಏನೂ ಅನ್ನಲಿಲ್ಲವಾ? ಆಗಲೂ ಹೀಗೇ, ಬಾಯಲ್ಲಿ ಕಡುಬು! "ನೀನು" ಅಂದೆ ಅಂತ ಮುಖ ಸಿಂಡರಿಸಬೇಡ. ರೀ, ಬನ್ನಿ ಅಂತ ಕರೆದದ್ದೆಲ್ಲ ಸಂಸಾರ ಮಾಡಿದ ಕಾಲಕ್ಕೇ ಮುಗೀತು. ಹೊಟ್ಟೆಯಲ್ಲಿದ್ದ ಕೂಸನ್ನ ಬಿಟ್ಟು ಹೋದವನಿಗೆ ಈಗ ಮಗಳ ನೆನಪಾಯ್ತಾ? ಹೋಗು ಅಂದೆ, ನಿಜ. ಹೋಗು ಅಂದ್ರೆ ಹೋಗೇಬಿಡೋದಾ?

ಒಳಗಿದ್ದಾಳೆ. ನಿನ್ನ ಮುಖ ನೋಡಲ್ಲವಂತೆ. ಅವಳೇ ಅಂದಳು... ಈಗಷ್ಟೇ.

ಯಾಕೆ ನಗ್ತೀಯ?

ಅಲ್ಲಿಂದಲೇ ಈ ಟ್ರೇ ನೋಡು. ನಿಂಬೆ. ಒಂದೇ ಬೀಜ, ಮೂರು ಮೊಳಕೆ. ಇವೆರಡು ಅಚ್ಚು ತಾಯಿಯ ಹಾಗೇ. ತಾಯಿಯ ಒಡಲಿಂದಲೇ ಎದ್ದವು, ಗಂಡಿನ ಸೋಂಕಿಲ್ಲ. ತಾಯಿಸಸಿ ಅಂತೀವಿ. ಮತ್ತೆ ಹೂವಿನ ಮೇಲೆ ಪರಾಗ ಯಾಕೆ ಬೀಳಬೇಕು ಅಂತೀಯಾ? ಬೀಜ ತುಂಬಬೇಕಲ್ಲ, ಅದಕ್ಕೆ! ಅಷ್ಟಾಯ್ತಾ, ಈ ಸಸಿಯಲ್ಲಿ ಅದರ ಗುರುತೇ ಇರಲ್ಲ. ನಿನ್ನ ಹಾಗೇ! ಇದನ್ನ ಯಾವ ಮೇಷ್ಟ್ರೂ ನನಗೆ ಹೇಳಿಕೊಡಲಿಲ್ಲ. ಗೊಬ್ಬರ ಹೊತ್ತು ಬಂದು, ಕೈ ತೊಳೆದು, ಓದಿ ತಿಳ್ಕೊಂಡೆ.

ಇದೋ, ಈ ಮೂರನೇದು, ಸೊಟ್ಟ ಎಲೆಯದು... ಇದಕ್ಕೆ ಗಂಡು ಸೇರಿದೆ. ಬೆರಕೆ. ಹೀಗೆ ಹಿಡಿದು... ಹೀಗೆ ಕಿತ್ತು ಎಸೀತೀವಿ. ಕಣ್ಣು ಯಾಕೆ ಮುಚ್ಚಿಕೊಂಡೆ? ಸಸಿ ಕಣಯ್ಯಾ, ಅದು!

ನನ್ನ ಮಗಳು ತಾಯಿಸಸಿ. ಮೂಗು ನಂದು, ಕೈ ನಂದು, ಹಟ ನಂದು. ನಿನ್ನದು ಅಂತ ಒಂದು ಕೂದಲೂ ಇಲ್ಲ. ಬುದ್ಧಿಯೊಂದು ಮಾತ್ರ... ಎಸಿ ಅಂದ ಬೆರಕೆಗಳನ್ನೆಲ್ಲ ಕದ್ದು ನೀರಿನ ತೊಟ್ಟಿ ಹಿಂದೆ ನೆಟ್ಟಿದ್ದಳು. ಪಾಪ ಅಂತೆ, ಅವೂ ಬದುಕಲಿ ಅಂತೆ! ಅವಳ ಕಣ್ಣೆದುರೇ ತುಳಿದು ಹಾಕಿದೆ. ನೀನೂ ಅಪ್ಪನ ಬೆರಕೆ ಅಂತ... ಬೈದೆ. ಬೈದರೇನಂತೆ? ಯಾವ ಅಮ್ಮ ಬೈಯಲ್ಲ? ಅಷ್ಟಕ್ಕೇ ಚಪ್ಪಲಿ ಕೂಡ ಮೆಟ್ಟದೆ...

ಇಲ್ಲ, ಇಲ್ಲ! ಒಳಗಿದ್ದಾಳೆ ಅಂದೆನಲ್ಲ! ಮಲಗಿದ್ದಾಳೆ.

ಯಾಕೆ ನನ್ನನ್ನೇ ನೋಡ್ತೀಯ? ಬಾಗಿಲು ಅಲ್ಲಿದೆ. ಕೂಗು. ಮಗಳೇ ಅಂತ ಒಂದು ಸಲ ಕೂಗು! ಮಗಳನ್ನ ನೋಡೋಕೆ ಬಂದವನು ಕೂಗಬೇಕು ತಾನೇ?

ಕೂಗಲ್ಲವಾ?

ಬಂದಾಗಿಂದ ಒಂದು ಸಲಾನೂ... ಅವಳೆಲ್ಲಿ ಅಂತ ನೀನು ಕೇಳಲೇ ಇಲ್ಲ.

ಬಟ್ಟೆಗೆ ಬಂದೆಯಾ? ಅವಳ ಬಟ್ಟೆ ತಗೊಂಡು ಹೋಗೋಕೆ?

ಹೊಟ್ಟೆ ತುಂಬ ಉಣ್ತಾಳಾ... ಬೇಡ, ಹೇಳಬೇಡ! ನನಗೆ ಬೇಕಾಗಿಲ್ಲ. ಇದೊಂದು ಹೇಳು. ನಿನ್ನನ್ನ... ಏನಂತ ಕರೀತಾಳೆ?