ಯಾರು ಕೇಳಿದ್ರೂ ಕೊಡು

…ಅಲ್ಲಲ್ಲ, ಅದು ಕೊಳೆ ಬಟ್ಟೆ ಅತ್ತೆ. ಒಗೆಯಕ್ಕೆ ಅಂತ ಬ್ಯಾಗಿಗೆ ತುಂಬಿದೀನಿ, ಅಷ್ಟೆ. ಎಲ್ಲಿಗೂ ಹೋಗ್ತಿಲ್ಲ ನಾನು. ಎಲ್ಲಿಗೆ ಹೋಗ್ಲಿ? ಏಳು, ಏಳತ್ತೆ. ಹೊಸ್ತಿಲ ಮೇಲೆ ಕೂತ್ಕೋಬಾರ್ದು ಅಂತ ನಮ್ಮನ್ನೆಲ್ಲ ಬೈಕೊಂಡು ಸಾಕಿದೋಳು ನೀನು. ಈಗ ನೀನೇ ಹಿಂಗೆ ಬಾಗಿಲಿಗೆ ಅಡ್ಡ ಕೂತ್ರೆ? ಬೀದೀಲಿ ಹೋಗೋರು ನೋಡಿದ್ರೆ ಅಮ್ಮಾಜಮ್ಮನ ಮನೇಲಿ ಏನೋ ಆಗಿದೆ ಅಂತಾರೆ. ಏನೂ ಆಗಿಲ್ಲ! ಏನಾಗಿದೆ?

ಯಾಕೆ ಹಂಗೆ ನೋಡ್ತೀಯ…

ಹಾ, ಕಂಪ್ಯೂಟರಾ? ಅದನ್ನೇ ಹೇಳಕ್ಕೆ ಬಂದೆ. ಮಹಡಿ ಮೇಲೆ ನಿನ್ ಸೊಸೆ ಯಾಮಿನಿ ಟ್ಯೂಷನ್ ರೂಮಲ್ಲಿ ಮೂರೂ ಎದ್ದು ಕೂತಿವೆ. ಅವಳ ಮುಖ ನೋಡ್ಬೇಕಿತ್ತು! ಚಿಕ್ಕಬಳ್ಳಾಪುರದಲ್ಲಿ ಯಾವುದೋ ಆಫೀಸಿನೋರು ಗುಜರಿಗೆ ಹಾಕಿದ್ದ ಮುದಿ ಡಬ್ಬಿಗಳು. ಪೆನ್‌ಡ್ರೈವ್ ಚುಚ್ಚಿದ್ರೆ ಗುರುತೇ ಹಿಡಿಯಲ್ಲ. ಅದಕ್ಕೇ ನಾನು ನೆಟ್‌ವರ್ಕ್ ಬೂಟ್ ಮಾಡಿದ್ದು. ಅಂದ್ರೆ, ವೈರಿಂದಾನೇ ಜೀವ ತುಂಬೋದು. ನಗ್ತೀಯಾ? ನಗು ನಗು. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ಇದನ್ನೆಲ್ಲ ಎಲ್ಲಿ ಕಲ್ತ ಅಂತ ತಾನೆ? ಗೌರಿಬಿದನೂರಿನ ಸೈಬರ್ ಅಂಗಡೀಲಿ ಅರ್ಧ, ಚಿಂತಾಮಣೀಲಿ ಕೇಬಲ್ ಎಳೆಯೋರ ಹಿಂದೆ ಅರ್ಧ. ಒಂದು ಕಡೆ ನಿಲ್ಲಲಿಲ್ಲ, ಆ ಮಾತು ಬೇರೆ…

ಇಲ್ಲ, ನಗ್ತಿಲ್ಲ ನೀನು. ನಕ್ಕೆ ಅಂದ್ಕೊಂಡೆ.

ಕೇಳು, ಸುಲಭ ಇದೆ. ಗೋಡೆ ಮೇಲೆ ಹಸಿರು ದೀಪ ಮಿಣಮಿಣ ಅನ್ನೋ ಡಬ್ಬಿ ಇದ್ಯಲ್ಲ, ರೂಟರು. ಈ ಮನೇಲಿ ಯಾವ ಕಂಪ್ಯೂಟರ್ ಕಣ್ಬಿಟ್ರೂ ಮೊದಲು ಕೂಗೋದು 'ನಾನು ಎಲ್ಲಿ ಕೂತ್ಕೊಳ್ಳಲಿ' ಅಂತ. ರೂಟರು ಒಂದು ನಂಬರ್ ಕೊಟ್ಟು ಕೂರಿಸುತ್ತೆ. ಆ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ಮನೆಗೆ ಒಬ್ರೇ ಇರ್ಬೇಕು ಅದನ್ನ ಮಾಡೋರು. ಮದುವೆ ಊಟದಲ್ಲಿ ಒಬ್ಬ ಇಲ್ಲಿ ಕೂತ್ಕೋ, ಇನ್ನೊಬ್ಬ ಅಲ್ಲಿ ಕೂತ್ಕೋ ಅಂದ್ರೆ? ಎಲೆ ಮುಂದೇನೇ ಜಗಳ! ಅದಕ್ಕೇ ನಾನು ರೂಟರ್ ತಂಟೆಗೆ ಹೋಗ್ಲಿಲ್ಲ. ನನ್ನ ಲ್ಯಾಪ್‌ಟಾಪನ್ನ ಪಕ್ಕಕ್ಕೆ ನಿಲ್ಲಿಸಿ, 'ನೀನು ಜಾಗ ತೋರಿಸ್ಬೇಡ, ಬರೀ ಬಡಿಸು' ಅಂದೆ. ಜಾಗ ರೂಟರು ಕೊಡುತ್ತೆ, ಅನ್ನ ಲ್ಯಾಪ್‌ಟಾಪ್ ಬಡಿಸುತ್ತೆ. ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ ಅತ್ತೆ! ಎಷ್ಟು ಚೆನ್ನಾಗಿ…

ಅನ್ನ ಅಂದ್ರೆ ಹೊಸ ಸಿಸ್ಟಮ್ಮು. ಹಳೇದನ್ನೆಲ್ಲ ಅಳಿಸಿ ಹೊಸದು ತಾನೇ ತಾನಾಗಿ ಕೂತ್ಕೊಳ್ಳುತ್ತೆ. 'ಅಳಿಸ್ಲಾ' ಅಂತ ಒಂದು ಮಾತು ಕೇಳೋದೂ ಇಲ್ಲ. ಕೇಳ್ಬೇಡ ಅಂತ ನಾನೇ ಹೇಳಿಟ್ಟಿದ್ದೆ. ಪ್ರತಿ ಡಬ್ಬಿ ಮುಂದೆ ನಿಂತು ಯಾರು ಬಟನ್ ಒತ್ತುತ್ತಾ ಇರ್ತಾರೆ?

ರೇಷ್ಮೆ ಹುಳದ ಶೆಡ್ ಕಡೆ ಯಾಕೆ ನೋಡಿದೆ?

ನೀನು ನೋಡ್ದೆ ಕಣತ್ತೆ. ಈಗ ನೋಡ್ದೆ, ನಾನು ಕಂಡೆ. ಶೆಡ್ಡಿಗೂ ಇದಕ್ಕೂ ಏನು ಸಂಬಂಧ? ಬೆಳಿಗ್ಗೆ ಕರೆಂಟ್ ಹೋಗಿ ಬಂದಾಗ ನೀನು ಕೇಳ್ದೆ, 'ಹುಳದ ಮನೆ ಕಂಪ್ಯೂಟರ್‌ಗೆ ಏನೂ ಆಗಿಲ್ಲ ತಾನೆ ಮುರಳಿ?' ಅಂತ. ಇಲ್ಲ ಅಂದೆ. ಈಗಲೂ ಇಲ್ಲ ಅಂತೀನಿ. ಅದರ ಪಾಡಿಗೆ ಅದು ಕೂತಿದೆ, ಸೆಕೆ ನೋಡ್ಕೊಳ್ಳುತ್ತೆ, ಹೀಟರ್ ಹಾಕುತ್ತೆ, ಆರಿಸುತ್ತೆ, ತೇವಕ್ಕೆ ಮಂಜು ಬಿಡುತ್ತೆ. ನಾನೇ ಕೂರಿಸಿಕೊಟ್ಟಿದ್ದು ತಾನೆ?

ಹುಳ ಇವತ್ತು ಎರಡನೇ ಜ್ವರಕ್ಕೆ ಕೂತಿದೆ. ಗೊತ್ತು ನಂಗೆ, ಈ ಮನೇಲೇ ಬೆಳೆದೋನು. ಜ್ವರದಲ್ಲಿದ್ದಾಗ ಸೊಪ್ಪು ಹಾಕ್ಬಾರ್ದು, ಟ್ರೇ ಅಲುಗಿಸ್ಬಾರ್ದು, ಪೊರೆ ಬಿಟ್ಟು ಏಳೋ ತನಕ ಯಾರೂ ಒಳಗೆ ಕಾಲಿಡಬಾರ್ದು. ನೀನು ಟ್ರೇಗೆಲ್ಲ ಸುಣ್ಣ ಉದುರಿಸಿ, ಬಾಗಿಲ ಮುಂದೆ ಸುಣ್ಣ ಚೆಲ್ಲಿ, ಚಿಲಕ ಹಾಕಿ ಬರ್ತೀಯ. ಆಮೇಲೆ ದೇವರೇ ಬಂದ್ರೂ ತೆಗೆಯಲ್ಲ. ಹುಳ ಎದ್ದ ಮೇಲೆ ಎರ್ರಪ್ಪ, ಅವರ ಊರಿನ ರೈತರು, ಎಲ್ಲ ಬಂದು ದುಡ್ಡು ಕೊಟ್ಟು ಒಯ್ತಾರೆ. ತೋಟದಲ್ಲಿ ಸೊಪ್ಪು ರೆಡಿ ಮಾಡ್ಕೊಂಡು ಕಾಯ್ತಾ ಇದಾರೆ, ಪಾಪ. ಅಮ್ಮಾಜಮ್ಮ ಸಾಕಿದ ಚಾಕಿ ಮರಿ ಹುಳ ಅಂದ್ರೆ ಕಣ್ಮುಚ್ಚಿ ಒಯ್ತಾರೆ…

ಅತ್ತೆ, ಒಂದ್ ಮಾತು. ಸುಮ್ನೆ. ಒಂದೇ ಒಂದ್ಸಲ ಬಾಗಿಲು ಇಷ್ಟೇ ಇಷ್ಟು ತೆಗೆದು ನೋಡೋಣ್ವಾ?

…

ಬೈಯಲ್ವಾ?

ಜ್ವರದ ದಿನ ಬಾಗಿಲು ತೆಗಿ ಅಂದೆ ಅತ್ತೆ. ಹೋದ ವರ್ಷ ಕಿಟಕಿ ಹತ್ರ ಕೆಮ್ಮಿದ್ದಕ್ಕೆ ಪೊರಕೆ ತಗೊಂಡು ಅಟ್ಟಿಸ್ಕೊಂಡು ಬಂದಿದ್ದೆ. ಈಗ ಬೈಯಿ. 'ತಲೆ ಕೆಟ್ಟಿದ್ಯೇನೋ' ಅನ್ನು. ಏನಾದ್ರೂ ಅನ್ನು. 

ಸರಿ. ಸರಿ, ಹೇಳ್ತೀನಿ. ಆಗಿದೆ ಅಂತಲ್ಲ, ಆಗಿರ್ಬಹುದು. ಆ ಶೆಡ್ ಕಂಪ್ಯೂಟರ್ ಒಳಗೆ ಗುಂಡಿಯಷ್ಟು ಒಂದು ಬ್ಯಾಟರಿ ಇರುತ್ತೆ, ಕರೆಂಟ್ ಹೋದ್ರೂ ಅದಕ್ಕೆ ತನ್ನ ಅಭ್ಯಾಸ ಮರೆಯದೇ ಇರೋ ಹಂಗೆ. ಯುಗಾದೀಲೇ ಸತ್ತಿತ್ತು. ಹೊಸದು ಹಾಕಿದೀನಿ ಅಂತ ನಿಂಗೆ ಹೇಳಿದ್ನಲ್ಲ… ಹಾಕಿಲ್ಲ. ನಾಳೆ ನಾಳೆ ಅಂತ. ಕರೆಂಟ್ ಹೋಗಿ ಬಂದ್ರೆ ಅದು ಎಲ್ಲ ಮರೆತು, ಮೊದಲು ವೈರನ್ನೇ ಕೇಳುತ್ತೆ. ಎಷ್ಟೋ ಸಲ ಕೇಳಿದೆ, ಉತ್ತರ ಕೊಡೋರಿಲ್ಲದೆ ಅದರ ಪಾಡಿಗೆ ಅದು ಎದ್ದಿದೆ. ಇವತ್ತು ಉತ್ತರ ಕೊಡೋಕೆ ನನ್ನ ಲ್ಯಾಪ್‌ಟಾಪ್ ಇತ್ತು.

ಮೇಲಿನ ಮೂರಕ್ಕೆ ಮಾತ್ರ ಬಡಿಸು ಅಂತ ಹೇಳ್ಬಹುದಿತ್ತು ಅತ್ತೆ. ಪ್ರತಿ ಡಬ್ಬಿಗೂ ಹುಟ್ಟುಗುರುತು ಇರುತ್ತೆ, ಅದನ್ನ ಬರೆದಿದ್ರೆ ಆಗ್ತಿತ್ತು. ಬಗ್ಗಿ ನೋಡಿ ಬರೆಯೋದಕ್ಕೆ ಬೇಜಾರು. 'ಯಾರು ಕೇಳಿದ್ರೂ ಕೊಡು' ಅಂತ ಬಿಟ್ಟೆ. ಈ ಮನೇಲಿ ಇನ್ಯಾರು ಕೇಳ್ತಾರೆ ಅಂದ್ಕೊಂಡೆ. ಶೆಡ್ಡಿಗೂ ಇದೇ ವೈರ್ ಎಳೆದಿದ್ದು ನಾನೇ. ನಾನೇ ಎಳೆದು ನಾನೇ ಮರೆತೆ. ಅಯ್ಯೋ ದೇವುಡಾ…

ಲ್ಯಾಪ್‌ಟಾಪಲ್ಲಿ ಮೂರು ಹೆಸರು ಬರ್ಬೇಕಿತ್ತು. ನಾಲ್ಕು ಬಂತು. ನಾಲ್ಕನೇದು ಶೆಡ್ಡಿಂದು, ಅದರಲ್ಲಿದ್ದಿದ್ದೆಲ್ಲ ಅಳಿಸಿಹೋಯ್ತು.

ಯಾವಾಗ ನೋಡ್ದೆ ಅಂತ ಕೇಳ್ಬೇಡ. ಕೇಳು ಬೇಕಾದ್ರೆ. ಈಗಷ್ಟೇ ಅತ್ತೆ, ಈಗ ಇಲ್ಲಿಗೆ ಬರೋ ಮುಂಚೆ… ನೀನು ಹಂಗೆ ನೋಡಿದ್ರೆ ನಾನು ಹೇಗೆ ಹೇಳ್ಲಿ? ಬೆಳಿಗ್ಗೆನೇ. ಕರೆಂಟ್ ಬಂದ ಕೂಡ್ಲೇ. ನೀನು ಕೇಳ್ದಾಗ ನಂಗೆ ಗೊತ್ತಿತ್ತು. ನಾಲ್ಕನೇ ಹೆಸರು ಕಣ್ಮುಂದೆ ಇತ್ತು, ಇಲ್ಲ ಅಂದೆ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಮುಚ್ಚಿದ್ರೆ ಆಗದೇ ಇರೋ ಹಂಗೆ ಆಗುತ್ತಾ? ಮುಚ್ಚಿದೆ.

ಇನ್ನೊಂದಿದೆ. ಕಂಪ್ಯೂಟರ್ ಕೆಟ್ರೂ ಹುಳ ಚಳಿಗೆ ಸಾಯ್ಬಾರ್ದು ಅಂತ, ಅದು ಮಾತು ನಿಲ್ಲಿಸಿದ್ರೆ ಹೀಟರ್ ಉರೀತಾನೇ ಇರೋ ಹಂಗೆ ವೈರ್ ಮಾಡಿದ್ದೆ. ಬುದ್ಧಿವಂತ ಅಂತ ನೀನೇ ಬೆನ್ನು ತಟ್ಟಿದ್ದೆ. ಬೆಳಿಗ್ಗೆಯಿಂದ ಉರೀತಿದೆ ಅತ್ತೆ. ಮಂಜು ಬಿಡೋದು ನಿಂತಿದೆ. ಬಾಗಿಲು ಮುಚ್ಚಿದೆ. ಒಳಗೆ ಹುಳ ತಲೆ ಎತ್ಕೊಂಡು, ಅಲ್ಲಾಡದೆ… ಓಡಿ ಹೋಗಿ ಸ್ವಿಚ್ ಆರಿಸ್ಬೇಕು ಅಂತ ಶೆಡ್ ತನಕ ಹೋದೆ. ಚಿಲಕಕ್ಕೆ ಕೈ ಹೋಗ್ಲಿಲ್ಲ. ಒಳಗೆ ಏನು ಕಾಣುತ್ತೋ ಅಂತ. ಸುಣ್ಣದ ಈಚೆಗೇ ನಿಂತಿದ್ದು ವಾಪಸ್ ಬಂದೆ. ಬಂದು ಬ್ಯಾಗ್ ತುಂಬ್ದೆ. ಕೊಳೆ ಬಟ್ಟೆ ಅಲ್ಲ ಅದು. ಚಿಂತಾಮಣಿ ಬಸ್ಸಿಗೆ ಅಂತ…

ಈಗ್ಲಾದ್ರೂ ಏಳತ್ತೆ! ಇಷ್ಟು ಹೇಳಿದ್ರೂ ಕೂತೇ ಇದೀಯಲ್ಲ! ನಾನಾದ್ರೂ ಹೆದರಿದೆ, ನೀನು ಯಾಕೆ ಓಡ್ತಿಲ್ಲ? ನಿನ್ ಹುಳ ಅದು, ನೀನು…

ಅತ್ತೆ.

ನಿನ್ ಕಾಲು.

ಸೀರೆ ಎತ್ತು ಸ್ವಲ್ಪ. ಬೆಳ್ಳಗಿದೆ. ಹಿಮ್ಮಡಿ ತನಕ ಸುಣ್ಣ. ಸೆರಗು ಒದ್ದೆ, ಗೋಣಿ ನಾರು ಅಂಟಿದೆ ಅದಕ್ಕೆ.

ನೀನು ಒಳಗೆ ಹೋಗಿದ್ದೆ. ಜ್ವರದ ದಿನ. ಹೀಟರ್ ಕಿತ್ತು, ತಂಪಿಗೆ ಗೋಣಿ ನೆನೆಸಿ ಕಟ್ಟಿ ಬಂದಿದೀಯ. ನಾನು ರೂಟರು, ಮದುವೆ ಊಟ ಅಂತ ಬಾಯಿ ಬಡ್ಕೊಳ್ಳೋಕೆ ಮುಂಚೇನೇ. ಎಲ್ಲ ಗೊತ್ತಿದ್ದು ಇಲ್ಲಿ ಬಂದು ಕೂತ್ಕೊಂಡೆ. ನಾನು ಹೇಳ್ತೀನಾ ಇಲ್ವಾ ಅಂತ ನೋಡೋಕೆ.

ಹುಳ ಇದಾವಾ?

ತಲೆ ಆಡಿಸು ಸಾಕು. ಎಷ್ಟು ಉಳಿದ್ವು? ಅರ್ಧನಾದ್ರೂ… ಅತ್ತೆ, ಕೈ ಮುಗೀತೀನಿ. ಎರ್ರಪ್ಪನಿಗೆ ನಾನೇ ಹೋಗಿ ಹೇಳ್ತೀನಿ, ಅವನ ಊರಲ್ಲಿ ನಿಂತ್ಕೊಂಡು ಹೇಳ್ತೀನಿ. ರಾತ್ರಿಯೆಲ್ಲ ಗೋಣಿ ನೆನೆಸ್ತೀನಿ. ಕಾಲು ತೊಳ್ಕೊಂಡು ಬರ್ಲಾ? ಒಳಗೆ ಬಿಡ್ತೀಯಾ?

…ಎಲ್ಲಿಗೆ ಎದ್ದೆ?

ಬ್ಯಾಗ್ ಯಾಕೆ ಎತ್ಕೊಂಡೆ? ಕೆಳಗಿಡತ್ತೆ, ಭಾರ ಇದೆ. ನನ್ನ ಕೈಗೆ ಯಾಕೆ… ಬೇಡ. ನಂಗೆ ಬೇಡ ಅದು. ಹೊಸ್ತಿಲು ಬಿಟ್ಟು ಯಾಕೆ ಪಕ್ಕಕ್ಕೆ ಸರಿದೆ? ನಾನು ಹೋಗಲ್ಲ. ಬಸ್ ಹೋಗ್ಲಿ. ಇಷ್ಟು ಹೊತ್ತೂ ಏಳು ಏಳು ಅಂತಿದ್ದೋನು ನಾನೇ, ನಿಜ… ದಾರಿ ಬಿಡ್ಬೇಡ. ಬೈಯಿ, ಹೊಡಿ, ಪೊರಕೆ ತಗೋ. ಬಾಗಿಲಿಗೆ ಅಡ್ಡ ಕೂತ್ಕೋ ಅತ್ತೆ.

ಕೂತ್ಕೋ.