ತಾರಸಿಯ ಬಲ್ಬು

ಇದು ನಮ್ಮ ಪಕ್ಕದ ಮನೆಯ ಬೇಕರಿಯವನಿಗೆ ಆದದ್ದು. ಒಂದು ರಾತ್ರಿ ಮರುದಿನದ ಹಿಟ್ಟು ನಾದಿಟ್ಟು, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಬರುತ್ತಿದ್ದ. ಜೇಬಿನಲ್ಲಿ ಒಂದು ಬಲ್ಬು. ತನ್ನದೇ ಮನೆಯದು... ತಾನೇ ಕದ್ದದ್ದು.

ಅವನ ಹೆಂಡತಿಗೆ ಅದು ಎರಡನೇ ಮದುವೆ. ಮೊದಲನೆಯವನು ಯುದ್ಧವಿಮಾನದ ಪೈಲಟ್. ಯುದ್ಧಕಾಲದಲ್ಲಿ, ಬಾಂಬಿನ ಭಯಕ್ಕೆ ಊರಿಡೀ ದೀಪ ಆರಿಸಿದ ಒಂದು ರಾತ್ರಿ ಹಾರಿಹೋದವನು ಮರಳಲಿಲ್ಲ. ಗುಟ್ಟಿನ ಕೆಲಸವಂತೆ, ಎಲ್ಲಿಗೆ ಹೋದ ಅಂತ ಕೂಡ ಮೇಲಿನವರು ಬಾಯಿ ಬಿಡಲಿಲ್ಲ. ಕತ್ತಲಲ್ಲಿ ಮನೆ ಕಾಣದೆ ಇನ್ನೂ ಸುತ್ತುತ್ತಿದ್ದಾನೇನೋ ಅಂತ ಆಕೆಗೆ. ಯುದ್ಧ ಮುಗಿದ ಮೇಲೆ ದಿನಾ ರಾತ್ರಿ ತಾರಸಿಯ ಮೇಲೆ ಬಲ್ಬು ಉರಿಸುತ್ತಿದ್ದಳು.

ಇದೆಲ್ಲ ಗೊತ್ತಿದ್ದೇ ಕಟ್ಟಿಕೊಂಡವನು ಬೇಕರಿಯವನು. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ! ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದ. ಆ ಪೈಲಟ್ ಬದುಕಿದ್ದರೆ ಕಾಲರ್ ಹಿಡಿದು ಕೇಳಬಹುದಿತ್ತು. ಸತ್ತವನಿಗೆ ವಯಸ್ಸಾಗುವುದಿಲ್ಲ, ಬೊಜ್ಜು ಬರುವುದಿಲ್ಲ, ಗೊರಕೆಯಂತೂ ಇಲ್ಲವೇ ಇಲ್ಲ. ಹೆಂಗಸಿಗಾದರೆ ಸವತಿ ಅಂತ ಹೇಳಿಕೊಂಡು ಅಳೋಕೆ ಒಂದು ಮಾತಾದರೂ ಇದೆ, ಗಂಡಸಿಗೆ ಅದೂ ಇಲ್ಲ. ಅವನಿಗೆ ಬೇಕಾಗಿದ್ದು ಇಷ್ಟೇ, ಒಂದು ರಾತ್ರಿಯಾದರೂ ಆಕೆ ತನ್ನೊಬ್ಬನಿಗಾಗಿ ಕಾಯಬೇಕು. ಅದಕ್ಕೇ ಆ ಸಂಜೆ ಬಲ್ಬು ಬಿಚ್ಚಿಕೊಂಡು ಬಂದಿದ್ದ.

ಬಾವಿಯ ಹತ್ತಿರ ಬಂದಾಗ ಮೇಲೆಲ್ಲೋ ಗುಂಯ್... ಅಂತು. ಕೊಡದೊಳಗೆ ದುಂಬಿ ಸಿಕ್ಕಿಕೊಂಡಂಥ ಸದ್ದು. ಆಕಾಶದಲ್ಲಿ ಒಂದು ದೀಪವೂ ಇಲ್ಲ. ಸದ್ದು ಒಂದು ಸುತ್ತು ಬಂತು. ಇನ್ನೊಂದು ಸುತ್ತು. ಗಕ್... ಗಕ್... ನಿಂತೇ ಹೋಯಿತು.

ಆಮೇಲೆ ಬೆನ್ನ ಹಿಂದೆ ಬೂಟಿನ ಸದ್ದು. ಟಕ್... ಟಕ್... ಪೆಟ್ರೋಲಿನ ವಾಸನೆ.

"ಯಜಮಾನ್ರೇ..." ಪಿಸುಮಾತು. "ಇಲ್ಲೊಂದು ಮನೆ ಮೇಲೆ ದೀಪ ಇರ್ತಿತ್ತು. ಇವತ್ತಿಲ್ಲ... ಯಾವ ಕಡೆ ಆ ಮನೆ?"

ಬಂದವನು ಯಾರೆಂದು ಇವನಿಗೆ ಗೊತ್ತಾಯಿತು. ಆದರೆ ಹೊಟ್ಟೆಯ ಕಿಚ್ಚು ಆರಬೇಕಲ್ಲ! ತಿರುಗಿ ನೋಡದೆ, ಕಟ್ಟೆ ಕುಸಿದ ಬಾವಿಯ ಕಡೆಗೆ ಕೈ ತೋರಿಸಿದ.

"ಆ ಕಡೆ. ನೇರ ಹೋಗಿ."

"ಉಪಕಾರ ಆಯ್ತು..."

ಟಕ್... ಟಕ್... ಟಕ್... ದುಡುಮ್!

ಇವನು ಬಿದ್ದೆನೋ ಕೆಟ್ಟೆನೋ ಅಂತ ಬೇಕರಿಗೆ ಓಡಿದ. ಬೆಳಗಿನವರೆಗೆ ಭಟ್ಟಿಯ ಎದುರೇ ಕೂತಿದ್ದ.

ಬೆಳಕು ಹರಿದ ಮೇಲೆ ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಇವನು ಎಂದೂ ಕಾಣದ ಕಳೆ.

"ಬಲ್ಬು... ಹಾಕಿಬಿಡ್ತೀನಿ ಕಣೇ," ಅಂದ.

"ಇನ್ನು ಬೇಡ ಬಿಡ್ರೀ."

ಕೊನೆಗೂ ಗೆದ್ದೆ ಅನ್ನಿಸಿತು ಅವನಿಗೆ. ಪೂರ್ತಿ ಉಸಿರೂ ಬಿಟ್ಟಿರಲಿಲ್ಲ, ಆಕೆಯೇ ಮೆಲ್ಲಗೆ ಹೇಳಿದಳು:

"ರಾತ್ರಿ ಬಂದಿದ್ರು... ಯಾರೋ ಪಾಪಿ ತಪ್ಪು ದಾರಿ ತೋರಿಸಿದ್ನಂತೆ. ಮೈಯೆಲ್ಲ ನೆಂದುಹೋಗಿತ್ತು."

ಅವನು ಒಳಗೆ ನುಗ್ಗಿದ. ಹಾಸಿಗೆಯಲ್ಲಿ ಆಕೆ ಮಲಗುವ ಕಡೆ ಒಣಗಿತ್ತು. ಅವನು ಮಲಗುವ ಕಡೆ ತೊಯ್ದು ತೊಪ್ಪೆಯಾಗಿತ್ತು.

ಸುಳ್ಳು ಹೇಳಿ ನನಗೇನಾಗಬೇಕು? ಆ ಹಾಸಿಗೆಯನ್ನು ತಾರಸಿಗೆ ಹೊತ್ತು ಹಾಕುವಾಗ ಒಂದು ತುದಿ ಹಿಡಿದವನೇ ನಾನು. ಸುಡುಬೇಸಿಗೆ. ವಾರಗಟ್ಟಲೆ ಬಿಸಿಲಿಗೆ ಹಾಕಿದರೂ ಆ ಅರ್ಧ ಒಣಗಲಿಲ್ಲ.