ಕಟ್ ಅನ್ನದ ಹನ್ನೊಂದು ನಿಮಿಷ

ಕುಂದರ ಸಿದ್ದಕ್ಕ, ಕುಂದರ! ಠಾಣೆ ಎಲ್ಲೂ ಓಡಿ ಹೋಗೂದಿಲ್ಲ. ಆ ಫಿರ್ಯಾದಿ ಕಾಗದಕ್ಕ ಹೆಬ್ಬಟ್ಟ ಒತ್ತೂಕಿಂತ ಮೊದಲ ನಂದು ನಾಕು ಮಾತ ಕೇಳು. ಗುರುತ ಸಿಕ್ಕಿಲ್ಲೇನು? ಬೆಳಗಾವಿ ಅನಗೋಳದ ಕಾಶವ್ವ, ರೋಹನನ ಆಯಿ. ಅಲ್ಲಿಂದ ಖಾನಾಪುರದ ತನಕ ಬಸ್ಸಿನ್ಯಾಗ ನಿಂತ ಬಂದೀನಿ... ಚಾ ಬ್ಯಾಡವಾ.

ನಿನ್ನ ಗಂಡನ ಸಿನಿಮಾಕ್ಕ ಕರದಾಂವ ನನ್ನ ಮೊಮ್ಮಗ ರೋಹನನ, ಖರೇ. ಅವನ ಜೋಡಿ ಇದ್ದಾಂವ ಅವನ ಗೆಳೆಯಾ ಸುಮಿತ. ಅವನೂ ಡೈರೆಕ್ಟರನ, ಆದರ ಇಬ್ಬರ ದಾರಿ ಬ್ಯಾರೆ. ಸುಮಿತನ ಸಿನಿಮಾ ಅಂದ್ರ ಚವಳಿಕಾಯಿ ಹೆಚ್ಚಿದಂಗ... ಕಟ್, ಕಟ್, ಕಟ್! ಒಂದ ಮುಖ ನೋಡಿ ಮುಗಸೂದ್ರಾಗ ಇನ್ನೊಂದು. ನಮ್ಮ ರೋಹನ ಕ್ಯಾಮೆರಾ ಊರಿದಾ ಅಂದ್ರ ಕಟ್ ಅನ್ನಾಂವ ಅಲ್ಲ. ಬಣ್ಣ ಹಚ್ಚಿದ ನಟರೂ ಅವಗ ಬ್ಯಾಡ. ಕುರಿ ಕಾಯಾವನ ಪಾತ್ರಕ್ಕ ಕುರಿ ಕಾಯಾವನ ಬೇಕು. "ಆಯಿ, ಸುಮ್ಮನ ಕಾದರ ಜೀವ ತಾನ ಬಂದು ಕ್ಯಾಮೆರಾದಾಗ ಕುಂದರತೈತಿ" ಅಂತಿದ್ದ.

ಯಾಕ ನಕ್ಕಿ?... ಹೂಂ. ಬಿಡು, ಆ ಮಾತ ಬ್ಯಾಡ.

ಅವತ್ತ ಶೂಟಿಂಗದಾಗ ನಿನ್ನ ಗಂಡ ಮೈಲಾರಲಿಂಗಣ್ಣ ಕಂಬಳಿ ಮ್ಯಾಲ ಸಾಯಾವನಂಗ ಮಲಗಬೇಕಿತ್ತು. "ಅಜ್ಜಾ, ಸಾಕಾದ್ರ ಕೈ ಎತ್ತು, ನಿಲ್ಲಸತೀವಿ" ಅಂತ ಮೊದಲ ಮಾತಾಗಿತ್ತು. ರೋಹನ ಕರೇ ಅರಿವಿಯೊಳಗ ತಲಿ ಹಾಕಿ ಕ್ಯಾಮೆರಾಕ್ಕ ಹಚ್ಚಿದ ಸಣ್ಣ ಟಿವಿ ನೋಡತಿದ್ದ. ಅದರಾಗ ಮುಖ ಅಷ್ಟ ಕಾಣತಿತ್ತು. ಕೈ ನೋಡೂ ಕೆಲಸ ಸುಮಿತಂದು, ನನ್ನ ಬಾಜೂಕ ಕುಂತಿದ್ದ. ನೋಡಲಿಲ್ಲ! ಎತ್ತಲಾಗೋ ಕಣ್ಣ ಹಾಕಿರಬೇಕು. ಯಾರೂ ನೋಡಲಿಲ್ಲ. ಕಾಗದದಾಗ ಅವನ ಹೆಸರ ಬರಸು ಸಿದ್ದಕ್ಕ, ನನ್ನ ಕೂಸಿನ್ನ ಬಿಟ್ಟಬಿಡು. ನಿನ್ನ ಕಾಲ ಹಿಡೀತೀನಿ.

ಎಂಥಾ ಪಾತ್ರ ಮಾಡತಾನಪಾ ಅಂತ ಎಲ್ಲಾರೂ ಅಳಾಕ ಹತ್ತಿದ್ವಿ! ಎದಿ ಖರೇನ ಹಿಡದೈತಿ ಅಂತ ಯಾರಿಗೆ ಗೊತ್ತು? ಮೊದಲನೇ ಸಲ ಕೈ ಅರ್ಧಕ್ಕ ಬಿತ್ತು. ಎರಡನೇ ಸಲ ಪೂರಾ ಎತ್ತಿದ, ಐದೂ ಬೆರಳ ಅಗಲ ಮಾಡಿದ್ದ...

ಯಾಕ ಹಂಗ ನೋಡತಿ?

ಏನು? ಯಾರೂ ನೋಡಲಿಲ್ಲಂದ್ರ ಎರಡ ಸಲ ಎತ್ತಿದ್ದು ನನಗ ಹೆಂಗ ಗೊತ್ತಂತ ಕೇಳತಿ...

...ಹೌದು. ನೋಡಿದ್ದೆ. ಸುಮಿತನೂ ನೋಡಿದ್ದ. ಒದರಾಕ ಅಂತ ಎದ್ದ. ನಾನ ಅಂಗಿ ಹಿಡದ ಜಗ್ಗಿ ಕುಂಡ್ರಿಸಿದೆ. "ಸುಮ್ಕಿರೋ ಅವಸರಗೇಡಿ! ನಿನ್ನ ಕಟ್ ಕಟ್ ಇಲ್ಲಿ ಬ್ಯಾಡ. ನನ್ನ ಮೊಮ್ಮಗನ ಸಿನಿಮಾ ಕೆಡಸಬ್ಯಾಡ" ಅಂದೆ. ಹಿರ್ಯಾಕಿ ಮಾತಂತ ಕುಂತಬಿಟ್ಟ.

ಠಾಣೆಗೆ ಹೊಂಟಿಯೇನು? ತಡಿ, ನಾನೂ ಬರತೀನಿ. ಸುಮಿತನ ಹೆಸರ ಬ್ಯಾಡ, ನಂದ ಹೇಳತೀನಿ.

ಮೈಲಾರಲಿಂಗಣ್ಣ ಮಣ್ಣಾಗ ಹ್ವಾದ. ಸುಮಿತನ್ನ ನಿನ್ನಿಯಿಂದ ಠಾಣೆಯೊಳಗ ಕುಂಡ್ರಿಸ್ಯಾರ, "ನಾ ನೋಡಲಿಲ್ಲ" ಅಂತ ತಾನ ಮೈಮ್ಯಾಲ ಹಾಕ್ಕೊಂಡಾನ. ರೋಹನ ಬೆಳಗಾವ್ಯಾಗ ಬಾಗಿಲ ಹಾಕ್ಕೊಂಡು ಕಟ್ ಅನ್ನದ ಆ ಹನ್ನೊಂದು ನಿಮಿಷದ ಸಿನಿಮಾ ತಿರುಗಿ ತಿರುಗಿ ನೋಡತಾನ, ಎಲ್ಲಿ ನಿಲ್ಲಸಬೇಕಂತ ತಿಳೀದ. ಉಣ್ಣೂದಿಲ್ಲ. ನಿನ್ನ ಕುರಿ ಕಾಯಾಕ ಈಗ ಯಾರೂ ಇಲ್ಲ.

ನನ್ನನ್ನ ಮಾತ್ರ ಇನ್ನೂ ಯಾರೂ ಏನೂ ಕೇಳಿಲ್ಲ.